ಸಾಧನ ಬೀರುವಿನಲ್ಲಿ, ಮಗು ಕೊನೆಯ ಬೆಂಚಿನಲ್ಲಿ

ತಾಲ್ಲೂಕು ಕೇಂದ್ರದ ಶಾಲಾ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಗಣ್ಯರು, ಕೆಳಗೆ ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿಗಳು, ಮೇಜಿನ ಮೇಲೆ ಶ್ರವಣ ಸಾಧನಗಳ ಪುಟ್ಟ ಪೆಟ್ಟಿಗೆಗಳು. ಮಕ್ಕಳ ಹೆಸರು ಕೂಗಲಾಗುತ್ತದೆ, ಸಾಧನ ಹಸ್ತಾಂತರವಾಗುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ವಿಕಲಚೇತನ ಮಕ್ಕಳಿಗೆ ಸಾಧನ ಸಲಕರಣೆ ವಿತರಣೆ’ ಎಂಬ ಸುದ್ದಿ ಪ್ರಕಟವಾಗುತ್ತದೆ. ರಾಜ್ಯದ ಯಾವುದೇ ತಾಲ್ಲೂಕಿನಲ್ಲಿ ಕಾಣಸಿಗುವ ದೃಶ್ಯವಿದು. ಆದರೆ ಅದೇ ಸಾಧನ ಆರು ತಿಂಗಳ ನಂತರ ಯಾವ ಸ್ಥಿತಿಯಲ್ಲಿದೆ ಎಂಬುದು ಸುದ್ದಿಯಾಗುವುದು ವಿರಳ.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯಂತಹ ಗಡಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಚಾಮರಾಜನಗರದ ಜನಸಂಖ್ಯೆ 2011ರ ಜನಗಣತಿಯಂತೆ 10,20,791. ಸಾಕ್ಷರತೆ ಶೇ 61.43. ಮಳೆಯಾಶ್ರಿತ ಬೇಸಾಯ, ಕೂಲಿ, ಕಾಡಂಚಿನ ಹಾಡಿಗಳು, ಕೇರಳ ಮತ್ತು ತಮಿಳುನಾಡಿಗೆ ದುಡಿಯಲು ಹೋಗುವ ಕುಟುಂಬಗಳು ಇಲ್ಲಿನ ಬದುಕಿನ ಭಾಗ. ಗುಂಡ್ಲುಪೇಟೆಗೆ ರೈಲು ಸಂಪರ್ಕವಿಲ್ಲ. ಕಿವಿ, ಕಣ್ಣು, ಅಂಗಾಂಗಗಳಿಗೆ ಸಂಬಂಧಿಸಿದ ಪರಿಣತ ಸೇವೆ ಬೇಕೆಂದರೆ ಇಂದಿಗೂ ಬಹುತೇಕರು ಬಸ್ಸು ಹಿಡಿಯುವುದು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ. ಕೂಲಿ ಮಾಡುವ ತಾಯಿಗೆ ಆ ಒಂದು ಪ್ರಯಾಣವೆಂದರೆ ಒಂದು ದಿನದ ದುಡಿಮೆಯ ನಷ್ಟ; ಮಗುವಿಗೆ ಒಂದು ದಿನದ ಪಾಠದ ನಷ್ಟ.

ಸಹಾಯಕ ತಂತ್ರಜ್ಞಾನವೆಂದರೆ ಏನು, ಅದು ತರಗತಿಯಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಅರಿಯಲು ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ.

ಕಾನೂನು ಕೊಟ್ಟ ಹಕ್ಕು

ಸಹಾಯಕ ತಂತ್ರಜ್ಞಾನ ಎಂದೊಡನೆ ದುಬಾರಿ ಯಂತ್ರಗಳ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ವಾಸ್ತವದಲ್ಲಿ ಕನ್ನಡಕ, ಊರುಗೋಲು, ದಪ್ಪ ಹಿಡಿಯ ಪೆನ್ಸಿಲ್, ಇಳಿಜಾರು ಮೇಜು, ಬ್ರೈಲ್ ಸ್ಲೇಟು, ಶ್ರವಣ ಸಾಧನ, ಗಾಲಿಕುರ್ಚಿ, ಪಠ್ಯವನ್ನು ಓದಿ ಹೇಳುವ ಮೊಬೈಲ್ ತಂತ್ರಾಂಶ ಎಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಇಂತಹ 50 ಆದ್ಯತಾ ಸಾಧನಗಳ ಪಟ್ಟಿಯನ್ನು ಪ್ರಕಟಿಸಿತು. ಅದೇ ಸಂಸ್ಥೆ ಯುನಿಸೆಫ್ ಜೊತೆಗೂಡಿ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು. ಸುಮಾರು 100 ಕೋಟಿ ಜನರಿಗೆ ಅದು ದೊರಕುತ್ತಿಲ್ಲ.

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆಯ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶಾಲಾ ಮಕ್ಕಳ ಮಟ್ಟಿಗೆ ಇದರ 17ನೆಯ ಸೆಕ್ಷನ್ ಮುಖ್ಯವಾದುದು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕು, ಶಿಕ್ಷಕರಿಗೆ ತರಬೇತಿ ನೀಡಬೇಕು, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷ ತುಂಬುವವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು ಎಂದು ಅದು ವಿಧಿಸುತ್ತದೆ.

ಇಲ್ಲಿ ‘ಸೂಕ್ತ’ ಎಂಬ ಪದವನ್ನು ಗಮನಿಸಬೇಕು. ಅಳತೆಗೆ ಸರಿಹೊಂದದ ಗಾಲಿಕುರ್ಚಿ, ಬ್ಯಾಟರಿ ಇಲ್ಲದ ಶ್ರವಣ ಸಾಧನ, ಓದಲು ಕಲಿಸುವವರಿಲ್ಲದ ಬ್ರೈಲ್ ಪುಸ್ತಕ ಇವು ಲೆಕ್ಕದ ಪುಸ್ತಕದಲ್ಲಿ ‘ವಿತರಿಸಲಾಗಿದೆ’ ಎಂದು ದಾಖಲಾಗಬಹುದು. ಕಾಯ್ದೆಯ ಆಶಯ ಮಾತ್ರ ಈಡೇರುವುದಿಲ್ಲ.

ಸಾಧನ ಬರುವ ದಾರಿ

ಸರ್ಕಾರಿ ಶಾಲೆಯ ಮಗುವಿಗೆ ಸಾಧನ ಬರುವುದು ಮುಖ್ಯವಾಗಿ ಎರಡು ದಾರಿಗಳಿಂದ. ಮೊದಲನೆಯದು 1981ರಲ್ಲಿ ಆರಂಭವಾದ ಕೇಂದ್ರದ ಅಡಿಪ್ ಯೋಜನೆ. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಕೃತಕ ಅಂಗಾಂಗ ತಯಾರಿಕಾ ನಿಗಮ, ಅಂದರೆ ಅಲಿಮ್ಕೊ, ಈ ಯೋಜನೆಯ ಪ್ರಮುಖ ಪೂರೈಕೆದಾರ. ಎರಡನೆಯದು ಸರ್ವ ಶಿಕ್ಷಣ ಅಭಿಯಾನ ಹಾಗೂ ಮಾಧ್ಯಮಿಕ ಶಿಕ್ಷಣ ಅಭಿಯಾನಗಳನ್ನು ಒಗ್ಗೂಡಿಸಿ 2018ರಲ್ಲಿ ರೂಪಿಸಲಾದ ಸಮಗ್ರ ಶಿಕ್ಷಣ ಯೋಜನೆ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ವೆಚ್ಚಕ್ಕೆ ಅದರಲ್ಲಿ ಅವಕಾಶ ಕಲ್ಪಿಸಲಾಯಿತು. ಎರಡೂ ಯೋಜನೆಗಳು ಕೂಡಿ ನಡೆಸುವ ಶಾಲಾ ಶಿಬಿರಗಳಲ್ಲಿ ಸಾಧನದ ವೆಚ್ಚದ ಶೇ 60ರಷ್ಟು ಅಡಿಪ್‌ನಿಂದ, ಶೇ 40ರಷ್ಟು ಶಿಕ್ಷಣ ಯೋಜನೆಯಿಂದ ಭರಿಸುವ ವ್ಯವಸ್ಥೆ ಬಂದಿತು.

ಶಿಬಿರದ ಪದ್ಧತಿ ಎರಡು ಹಂತದ್ದು. ಮೊದಲು ತಪಾಸಣಾ ಶಿಬಿರ. ಅಲ್ಲಿ ಮಗುವಿನ ಅಳತೆ, ವೈಕಲ್ಯದ ಪ್ರಮಾಣ, ಬೇಕಾದ ಸಾಧನ ದಾಖಲಾಗುತ್ತವೆ. ಸಾಧನಗಳು ಸಿದ್ಧವಾಗಿ ಬಂದ ಬಳಿಕ ವಿತರಣಾ ಶಿಬಿರ. ನಡುವಿನ ಅವಧಿ ತಿಂಗಳುಗಟ್ಟಲೆ ಹಿಡಿಯಬಹುದು. ದೊಡ್ಡವರಿಗೆ ಇದರಿಂದ ಅಷ್ಟಾಗಿ ತೊಂದರೆಯಾಗದು. ಏಳೆಂಟು ವರ್ಷದ ಮಗು ಅಷ್ಟರಲ್ಲಿ ಬೆಳೆದಿರುತ್ತದೆ. ಜೂನ್‌ನಲ್ಲಿ ಅಳತೆ ತೆಗೆದ ಕ್ಯಾಲಿಪರ್ ಮಾರ್ಚ್‌ನಲ್ಲಿ ಕೈಸೇರಿದರೆ ಕಾಲಿಗೆ ಬಿಗಿಯಾಗುತ್ತದೆ, ಚರ್ಮ ಸುಲಿಯುತ್ತದೆ, ಮೂಲೆ ಸೇರುತ್ತದೆ. ಒಮ್ಮೆ ಸಾಧನ ಪಡೆದವರಿಗೆ ಅದೇ ಉದ್ದೇಶಕ್ಕೆ ಮತ್ತೆ ನೆರವು ಸಿಗಲು ಅಡಿಪ್ ನಿಯಮದಂತೆ ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಅವಧಿ ಒಂದು ವರ್ಷ. ಈ ರಿಯಾಯಿತಿಯ ಅರಿವು ಅನೇಕ ಪೋಷಕರಿಗೆ ಇರುವುದಿಲ್ಲ.

ಕೇಳಿಸುವುದು ಬೇರೆ, ಅರ್ಥವಾಗುವುದು ಬೇರೆ

ಶ್ರವಣ ಸಾಧನವನ್ನೇ ಉದಾಹರಣೆಯಾಗಿ ನೋಡಬಹುದು. ಕಿವಿಯ ಹಿಂದೆ ಕೂರುವ ಈ ಪುಟ್ಟ ಯಂತ್ರವು ಶಬ್ದವನ್ನು ಹಿಗ್ಗಿಸಿ, ನಳಿಕೆಯ ಮೂಲಕ ಕಿವಿಯೊಳಗಿನ ಅಚ್ಚಿಗೆ ಕಳುಹಿಸುತ್ತದೆ. ಅಚ್ಚು ಆ ಮಗುವಿನ ಕಿವಿಗೆಂದೇ ತಯಾರಾಗಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಅಚ್ಚು ಸಡಿಲವಾಗುತ್ತದೆ. ಆಗ ಹೊರಗೆ ಸೋರಿದ ಶಬ್ದವನ್ನು ಯಂತ್ರವು ತಾನೇ ಮತ್ತೆ ಹಿಡಿದು ಹಿಗ್ಗಿಸಿ ‘ಕುಯ್’ ಎಂದು ಶಿಳ್ಳೆ ಹಾಕತೊಡಗುತ್ತದೆ. ಅಕ್ಕಪಕ್ಕದ ಮಕ್ಕಳು ನಗುತ್ತಾರೆ, ಪಾಠಕ್ಕೆ ಅಡ್ಡಿಯಾಗುತ್ತದೆ, ‘ಅದನ್ನು ತೆಗೆದಿಡಪ್ಪ’ ಎಂಬ ಸೂಚನೆ ಬರುತ್ತದೆ. ಕೆಟ್ಟದ್ದು ಯಂತ್ರವಲ್ಲ, ಅಚ್ಚು ಮಾತ್ರ ಎಂಬುದು ಗೊತ್ತಿಲ್ಲದೆ ಸಾಧನವು ಬೀರು ಸೇರುತ್ತದೆ.

ಎರಡನೆಯ ತೊಡಕು ಬ್ಯಾಟರಿಯದು. ಗುಂಡಿಯಾಕಾರದ ಈ ಬ್ಯಾಟರಿಗಳು ಗಾಳಿ ತಾಗಿದೊಡನೆ ಕೆಲಸ ಆರಂಭಿಸುವಂಥವು. ಮೇಲಿನ ಚೀಟಿ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಅವುಗಳ ಶಕ್ತಿ ಕುಂದುತ್ತದೆ. ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕಾಗಬಹುದು. ಬೆಲೆ ಹೆಚ್ಚಲ್ಲ. ಆದರೆ ಹಳ್ಳಿಯ ಅಂಗಡಿಯಲ್ಲಿ ಅವು ಸಿಗುವುದಿಲ್ಲ.

ಮೂರನೆಯದು ತರಗತಿಯೇ ಒಡ್ಡುವ ಅಡ್ಡಿ. ಶ್ರವಣ ಸಾಧನವು ಶಿಕ್ಷಕರ ಮಾತನ್ನಷ್ಟೇ ಆಯ್ದು ಹಿಗ್ಗಿಸುವುದಿಲ್ಲ. ಬೆಂಚು ಎಳೆಯುವ ಸದ್ದು, ಪಕ್ಕದ ಕೊಠಡಿಯ ಮಗ್ಗಿ, ರಸ್ತೆಯ ಲಾರಿ ಎಲ್ಲವನ್ನೂ ಹಿಗ್ಗಿಸುತ್ತದೆ. ಮಾತನಾಡುವವರಿಂದ ದೂರ ಇಮ್ಮಡಿಯಾದಂತೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದ್ದರಿಂದ ಅಂತಹ ಮಗುವನ್ನು ಮೊದಲ ಸಾಲಿನಲ್ಲಿ, ಕಿಟಕಿಯಿಂದ ದೂರದಲ್ಲಿ, ಶಿಕ್ಷಕರ ಮುಖ ಕಾಣುವಂತೆ ಕೂರಿಸುವುದೇ ಒಂದು ತಂತ್ರಜ್ಞಾನ. ಶಿಕ್ಷಕರು ಕೊರಳಿಗೆ ಹಾಕಿಕೊಳ್ಳುವ ಮೈಕಿನಿಂದ ದನಿಯನ್ನು ನೇರವಾಗಿ ಸಾಧನಕ್ಕೆ ರವಾನಿಸುವ ವ್ಯವಸ್ಥೆಯೂ ಇದೆ. ಅದು ಇಲ್ಲದಿದ್ದರೂ, ಬೆಂಚಿನ ಕಾಲುಗಳಿಗೆ ರಬ್ಬರ್ ತೊಡಿಸುವುದಕ್ಕೆ ಮತ್ತು ಕಪ್ಪುಹಲಗೆಯತ್ತ ತಿರುಗಿ ಮಾತನಾಡದಿರುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು. ಈ ಸಂಸ್ಥೆಯು ತನ್ನ ಹೊರಸೇವಾ ಕೇಂದ್ರಗಳಲ್ಲಿ ಒಂದನ್ನು ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಆರಂಭಿಸಿದ್ದು ಗಮನಾರ್ಹ. ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ನಿರ್ವಹಣೆಗೆ ವಹಿಸಿಕೊಂಡಿತ್ತು. ತಜ್ಞರು ನಗರದಿಂದ ಹಳ್ಳಿಯತ್ತ ಬಂದರೆ ಮಗುವಿನ ಶಾಲಾ ದಿನಗಳು ಉಳಿಯುತ್ತವೆ ಎಂಬ ತತ್ತ್ವ ಇದರ ಹಿಂದಿದೆ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಇದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ.

ಆರು ಚುಕ್ಕಿಗಳಲ್ಲಿ ಕನ್ನಡ

ದೃಷ್ಟಿದೋಷದ ವಿಷಯದಲ್ಲಿ ಮೊದಲು ಅರಿಯಬೇಕಾದುದು, ಅಂಧರೆಂದು ಕರೆಸಿಕೊಳ್ಳುವ ಅನೇಕ ಮಕ್ಕಳಿಗೆ ಒಂದಿಷ್ಟು ದೃಷ್ಟಿ ಇರುತ್ತದೆ ಎಂಬ ಸಂಗತಿ. ಅವರಿಗೆ ಬ್ರೈಲ್‌ಗಿಂತ ಮೊದಲು ಬೇಕಾದುದು ಸರಿಯಾದ ಕನ್ನಡಕ, ಭೂತಗನ್ನಡಿ, ದಪ್ಪಕ್ಷರದ ಪುಸ್ತಕ, ಪುಟವನ್ನು ಕಣ್ಣಿನ ಸಮೀಪಕ್ಕೆ ತರುವ ಇಳಿಜಾರು ಮೇಜು, ದಪ್ಪ ಗೆರೆಯ ನೋಟ್‌ಪುಸ್ತಕ. ಉಳಿದ ದೃಷ್ಟಿಯನ್ನು ಬಳಸದೆ ಬಿಡುವುದು ಮಗುವಿಗೆ ಮಾಡುವ ಅನ್ಯಾಯ.

ದೃಷ್ಟಿ ಇಲ್ಲದ ಮಕ್ಕಳಿಗೆ ಬ್ರೈಲ್ ಅನಿವಾರ್ಯ. ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ ರೂಪಿಸಿದ ಆರು ಚುಕ್ಕಿಗಳ ಈ ಲಿಪಿಯಲ್ಲಿ ಒಟ್ಟು 63 ವಿನ್ಯಾಸಗಳು ಸಾಧ್ಯ. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿತವಾಯಿತು. ಇದರಲ್ಲಿ ಒಂದೇ ಉಚ್ಚಾರಣೆಯ ಅಕ್ಷರಕ್ಕೆ ಎಲ್ಲ ಭಾಷೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಚುಕ್ಕಿ ವಿನ್ಯಾಸ. ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ವ್ಯತ್ಯಾಸವಿಲ್ಲ. ಮುದ್ರಿತ ಕನ್ನಡದಲ್ಲಿ ಒತ್ತಕ್ಷರವು ಅಕ್ಷರದ ಕೆಳಗೆ ಇಳಿದರೆ, ಬ್ರೈಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ನಂತರ ಒಂದಾಗಿ ಸಾಗುತ್ತದೆ. ಸ್ಲೇಟು ಮತ್ತು ಮೊಳೆಯಿಂದ ಬರೆಯುವ ಮಗು ಕಾಗದದ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚುತ್ತದೆ. ಕಾಗದ ತಿರುವಿ ಹಾಕಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದುತ್ತದೆ. ಗಣಿತಕ್ಕೆ ಅಂಕಿಗಳ ಮೊಳೆಗಳನ್ನು ರಂಧ್ರಗಳಲ್ಲಿ ನಿಲ್ಲಿಸುವ ಟೇಲರ್ ಚೌಕಟ್ಟು ಇದೆ. ಇವೆಲ್ಲವನ್ನೂ ಒಂದು ದಿನದಲ್ಲಿ ಕಲಿಸಲಾಗದು. ದಿನವೂ ಒಬ್ಬರು ಪಕ್ಕದಲ್ಲಿ ಕುಳಿತು ತಿದ್ದಬೇಕು. ಪೆಟ್ಟಿಗೆಯಲ್ಲಿ ಬರುವುದು ಸ್ಲೇಟು ಮಾತ್ರ, ಗುರು ಅಲ್ಲ.

ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಆರಂಭವಾಗಿತ್ತು. ಅಂದಿನಿಂದ ಬಹುಕಾಲ, ಚಾಮರಾಜನಗರ ಸೀಮೆಯ ಅಂಧ ಮಗು ಓದಬೇಕೆಂದರೆ ಊರು ಬಿಟ್ಟು ವಸತಿ ಶಾಲೆ ಸೇರುವುದೊಂದೇ ದಾರಿಯಾಗಿತ್ತು. ಇಂದು ಮಗು ತನ್ನೂರಿನ ಶಾಲೆಯಲ್ಲೇ ಓದಬೇಕೆಂಬುದು ನೀತಿ. ಹಾಗಿರುವಾಗ ವಸತಿ ಶಾಲೆಯಲ್ಲಿದ್ದ ಪರಿಣತಿಯೂ ಊರಿನ ಶಾಲೆಗೆ ಬರಬೇಕಲ್ಲವೇ?

ಕಂಪ್ಯೂಟರ್ ಮತ್ತು ಮೊಬೈಲ್ ಈ ಅಂತರವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿವೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಅಡಕವಾಗಿಯೇ ಬರುತ್ತದೆ. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿ ಸಂಸ್ಥೆಯು ಮಾತನಾಡುವ ಪುಸ್ತಕಗಳ ಗ್ರಂಥಾಲಯವನ್ನು ಬೆಳೆಸಿದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅವಕಾಶ ನೀಡುವ 2013ರ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶವೇ ಭಾರತ, ಅದು 2014ರಲ್ಲಿ.

ಆದರೆ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಯೂನಿಕೋಡ್ ಬರುವ ಮುನ್ನ ಬಳಕೆಯಲ್ಲಿದ್ದ ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಅದು ಕನ್ನಡ; ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂತಹ ಕಡತವನ್ನು ಓದುವ ತಂತ್ರಾಂಶವು ಪಾಠದ ಬದಲು ಗೊಣಗಾಟವನ್ನು ಕೇಳಿಸುತ್ತದೆ. ಪ್ರಶ್ನೆಪತ್ರಿಕೆಯನ್ನೋ ಟಿಪ್ಪಣಿಯನ್ನೋ ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದರೆ ಶಿಕ್ಷಕರಿಗೆ ಹೆಚ್ಚಿನ ಶ್ರಮವೇನೂ ಇಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಮಾತ್ರ ಅದು ತಾನೇ ಓದುವುದಕ್ಕೂ ಇನ್ನೊಬ್ಬರಿಂದ ಓದಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ.

ಗಾಲಿಕುರ್ಚಿ ಎಂಬ ಅಳತೆಯ ಉಡುಪು

ಭಾರತವು ಪೋಲಿಯೊ ಮುಕ್ತವೆಂದು 2014ರ ಮಾರ್ಚ್ 27ರಂದು ಘೋಷಿತವಾಯಿತು. ಇದರ ಒಂದು ಪರಿಣಾಮ ಹೆಚ್ಚು ಚರ್ಚೆಯಾಗಿಲ್ಲ. ಕ್ಯಾಲಿಪರ್, ಊರುಗೋಲು, ಕೈಯಿಂದ ತುಳಿಯುವ ತ್ರಿಚಕ್ರ ವಾಹನಗಳು ಬಹುಮಟ್ಟಿಗೆ ಪೋಲಿಯೊ ಪೀಡಿತರನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಸಾಧನಗಳು. ಇಂದಿನ ತರಗತಿಗಳಲ್ಲಿ ಕಾಣುವವರಲ್ಲಿ ಸೆರೆಬ್ರಲ್ ಪಾಲ್ಸಿಯಂತಹ, ಮೆದುಳಿಗೆ ಸಂಬಂಧಿಸಿದ ಚಲನ ವೈಕಲ್ಯವಿರುವ ಮಕ್ಕಳು ಪ್ರಮುಖರು. ಅವರಿಗೆ ಕತ್ತು, ಬೆನ್ನು, ಸೊಂಟಕ್ಕೆ ಆಸರೆ ನೀಡುವ ಕುರ್ಚಿ ಬೇಕು. ನಿಲ್ಲಿಸುವ ಚೌಕಟ್ಟು ಬೇಕು. ಕೆಲವರಿಗೆ ಚಿತ್ರಗಳನ್ನು ತೋರಿಸಿ ಮನಸ್ಸಿನ ಮಾತು ಹೇಳುವ ಫಲಕ ಬೇಕು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಣುವ ದೊಡ್ಡ ಗಾಲಿಕುರ್ಚಿಯಲ್ಲಿ ಇಂತಹ ಮಗುವನ್ನು ಕೂರಿಸಿದರೆ ಅದು ಒಂದು ಬದಿಗೆ ವಾಲುತ್ತದೆ. ದಿನವೂ ಹಾಗೆ ಕುಳಿತರೆ ಬೆನ್ನುಮೂಳೆ ಬಾಗುತ್ತದೆ, ಒತ್ತಡದ ಹುಣ್ಣುಗಳಾಗುತ್ತವೆ. ಗಾಲಿಕುರ್ಚಿಯನ್ನು ಅಳತೆಯ ಉಡುಪಿನಂತೆ ಕಾಣಬೇಕೆನ್ನುವುದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯು ಗಾಲಿಕುರ್ಚಿ ಸೇವೆಯನ್ನು ಎಂಟು ಹಂತಗಳಲ್ಲಿ ವಿವರಿಸುತ್ತದೆ: ಹೆಸರು ನೋಂದಣಿ, ಪರಿಶೀಲನೆ, ಆಯ್ಕೆ, ಹಣ ಮತ್ತು ಬೇಡಿಕೆ, ಸಿದ್ಧತೆ, ಹೊಂದಾಣಿಕೆ, ಬಳಕೆಯ ತರಬೇತಿ, ನಂತರದ ದುರಸ್ತಿ ಹಾಗೂ ಮರುಭೇಟಿ. ಶಿಬಿರದ ಛಾಯಾಚಿತ್ರದಲ್ಲಿ ಕಾಣುವುದು ಇವುಗಳ ನಡುವಿನ ಒಂದು ಕ್ಷಣ ಮಾತ್ರ.

1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಯು ಕೃತಕ ಅಂಗಾಂಗ, ಗಾಲಿಕುರ್ಚಿ ಸೇವೆಗಳಲ್ಲಿ ತರಬೇತಿ ನೀಡುವುದರ ಜೊತೆಗೆ ಚಾಮರಾಜನಗರ ಜಿಲ್ಲೆಯಲ್ಲೂ ಸಮುದಾಯ ಆಧಾರಿತ ಕಾರ್ಯಕ್ರಮಗಳನ್ನು ಕೈಗೊಂಡಿದೆ. ಮಗುವನ್ನು ಕೇಂದ್ರಕ್ಕೆ ಕರೆಸಿಕೊಳ್ಳುವುದಕ್ಕಿಂತ ಮಗುವಿನ ಮನೆ, ಶಾಲೆ, ದಾರಿ, ಶೌಚಾಲಯಗಳನ್ನು ನೋಡಿ ಸಾಧನ ನಿರ್ಧರಿಸುವುದು ಸಮುದಾಯ ಆಧಾರಿತ ವಿಧಾನದ ತಿರುಳು. ಶಾಲೆಯ ಮುಂಬಾಗಿಲಿಗೆ ಇಳಿಜಾರು ಇದ್ದು ಶೌಚಾಲಯಕ್ಕೆ ಮೂರು ಮೆಟ್ಟಿಲಿದ್ದರೆ ಆ ಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತದೆ. ಹೆಣ್ಣುಮಗುವಾದರೆ ಕೆಲವು ವರ್ಷಗಳಲ್ಲಿ ಶಾಲೆಯನ್ನೇ ಬಿಡುತ್ತದೆ. ಇಳಿಜಾರು ಸಹ ಒಂದಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಮಗು ತಾನಾಗಿ ಏರಲಾರದು.

ಕೊಂಡಿಯಾಗಿರುವವರು

ಸಾಧನಕ್ಕೂ ಮಗುವಿಗೂ ನಡುವೆ ಕೊಂಡಿಯಾಗಬೇಕಾದವರು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇಲಾಖೆಯ ಭಾಷೆಯಲ್ಲಿ ಇವರು ಬಿಐಇಆರ್‌ಟಿಗಳು. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ, ಬರುವ ಮಕ್ಕಳಿಗೆ ಶಾಲಾ ಭೇಟಿ, ತಪಾಸಣಾ ಶಿಬಿರಗಳ ಸಿದ್ಧತೆ, ದಾಖಲೆಗಳ ನಿರ್ವಹಣೆ ಎಲ್ಲವೂ ಇವರ ಹೆಗಲಿಗೆ. ಬಂಡೀಪುರದ ಅಂಚಿನ ಹಾಡಿಯಿಂದ ಕೇರಳ ಗಡಿಯ ಊರಿನವರೆಗೆ ಹರಡಿರುವ ಗುಂಡ್ಲುಪೇಟೆಯಂತಹ ತಾಲ್ಲೂಕಿನಲ್ಲಿ ಒಬ್ಬ ಶಿಕ್ಷಕರು ಒಂದು ಮಗುವನ್ನು ಎಷ್ಟು ಬಾರಿ ತಲುಪಬಲ್ಲರು ಎಂಬುದೇ ಆ ಮಗುವಿನ ಕಲಿಕೆಯನ್ನು ನಿರ್ಧರಿಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರು ಬೇರೊಂದು ಇಲಾಖೆಯವರು. ಶಿಕ್ಷಣ, ಆರೋಗ್ಯ, ವಿಕಲಚೇತನರ ಸಬಲೀಕರಣ ಈ ಮೂರೂ ಇಲಾಖೆಗಳ ಕಡತಗಳಲ್ಲಿ ಮಗುವಿನ ಹೆಸರಿರುತ್ತದೆ. ಅದರ ಶ್ರವಣ ಸಾಧನ ಇಂದು ಕೆಲಸ ಮಾಡುತ್ತಿದೆಯೇ ಎಂಬ ಮಾಹಿತಿ ಯಾವ ಕಡತದಲ್ಲೂ ಇಲ್ಲದಿರಬಹುದು.

ಪರಿಹಾರಗಳೆಲ್ಲವೂ ದುಬಾರಿಯಲ್ಲ. ಗಾಲಿಕುರ್ಚಿಯ ಟೈರು, ಬೇರಿಂಗ್‌ಗಳನ್ನು ಊರಿನ ಸೈಕಲ್ ಷಾಪಿನವರು ಸರಿಪಡಿಸಬಲ್ಲರು. ಎದೆಪಟ್ಟಿಯನ್ನು ದರ್ಜಿ ಹೊಲಿಯಬಲ್ಲರು. ಗಾಲಿಕುರ್ಚಿ ಒಳಸೇರುವಂತೆ ಮುಂಬದಿ ಕತ್ತರಿಸಿದ ಮೇಜನ್ನು ಬಡಗಿ ಮಾಡಿಕೊಡಬಲ್ಲರು. ಅವರಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬ್ಯಾಟರಿ, ನಳಿಕೆಗಳ ಒಂದು ಸಣ್ಣ ದಾಸ್ತಾನು ಇದ್ದರೆ ಎಷ್ಟೋ ಸಾಧನಗಳು ಮತ್ತೆ ಜೀವ ಪಡೆಯುತ್ತವೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಆ ಹಣದ ಬಳಕೆಯ ಪಟ್ಟಿಯಲ್ಲಿ ಶಾಲಾ ಮಕ್ಕಳ ಸಾಧನಗಳ ದುರಸ್ತಿಯೂ ಸೇರಲಿ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಒತ್ತಾಯಿಸಬಹುದು.

ಪೋಷಕರು ಶಿಬಿರದಲ್ಲಿ ಸಾಧನ ಪಡೆಯುವಾಗ ನಾಲ್ಕು ಪ್ರಶ್ನೆ ಕೇಳುವುದು ಒಳಿತು. ಇದು ನನ್ನ ಮಗುವಿನ ಇಂದಿನ ಅಳತೆಗೆ ಸರಿಯಿದೆಯೇ? ಬಳಸುವುದನ್ನು ಯಾರು ಕಲಿಸುತ್ತಾರೆ? ಕೆಟ್ಟರೆ ಎಲ್ಲಿಗೆ ಒಯ್ಯಬೇಕು? ಮತ್ತೆ ಯಾವಾಗ ಪರೀಕ್ಷಿಸುತ್ತಾರೆ? ಈ ನಾಲ್ಕಕ್ಕೂ ಉತ್ತರ ಸಿಕ್ಕಾಗಲೇ ವಿತರಣೆ ಪೂರ್ಣವಾದಂತೆ.

ಮೂರನೆಯ ತರಗತಿಯ ಮಗುವೊಂದರ ಶ್ರವಣ ಸಾಧನ ಜುಲೈನಲ್ಲಿ ಮೌನವಾಗಿ ಜನವರಿಯಲ್ಲಿ ದುರಸ್ತಿಯಾದರೆ, ನಡುವಿನ ಆರು ತಿಂಗಳ ಪಾಠ ಆ ಮಗುವಿಗೆ ಮರಳಿ ಬಾರದು. ಮುಂದಿನ ವರ್ಷ ಅದನ್ನು ‘ಕಲಿಕೆಯಲ್ಲಿ ಹಿಂದುಳಿದ ಮಗು’ ಎಂದು ಗುರುತಿಸಲಾಗುತ್ತದೆ. ಹಿಂದುಳಿದದ್ದು ಮಗುವಲ್ಲ, ಎರಡು ವಾರಕ್ಕೊಮ್ಮೆ ಬೇಕಿದ್ದ ಒಂದು ಬ್ಯಾಟರಿ ಎಂಬುದನ್ನು ಆಗ ನೆನಪಿಡುವವರು ಯಾರೂ ಇರುವುದಿಲ್ಲ.